ಎಚ್‌ಐವಿ ಪಾಸಿಟಿವ್ ಬಂದ ಮೇಲೆ: ಕೋಲಾರದ ಕಡೆಯವರಿಗೆ ಒಂದು ಕೈಪಿಡಿ

ರಿಪೋರ್ಟ್ ಕೈಗೆ ಬಂದ ದಿನ ತಲೆ ಓಡುವುದಿಲ್ಲ. ಅದಕ್ಕೇ ಆವತ್ತು ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ನೆಂಟರಿಗೆಲ್ಲ ಫೋನ್ ಮಾಡಬೇಡಿ. ಗಂಡನನ್ನೋ ಹೆಂಡತಿಯನ್ನೋ ನಿಲ್ಲಿಸಿ ಕೇಳಬೇಡಿ. ಯಾರಿಂದ ಯಾರಿಗೆ ಬಂತು, ಯಾವಾಗ ಬಂತು ಅನ್ನುವುದು ಆ ಒಂದು ಚೀಟಿಯಲ್ಲಿ ಬರೆದಿರುವುದಿಲ್ಲ. ಜಮೀನು ಮಾರುವ, ಚೀಟಿ ಹಣ ಎತ್ತುವ ಮಾತು ಬೇಡವೇ ಬೇಡ. ಈ ಕಾಯಿಲೆಗೆ ಸರಕಾರದ ಚಿಕಿತ್ಸೆ 2004ರ ಏಪ್ರಿಲ್‌ನಿಂದ ಪುಕ್ಕಟೆ ಸಿಗುತ್ತಿದೆ. ಯೂಟ್ಯೂಬ್‌ನಲ್ಲಿ ‘ಪೂರ್ತಿ ವಾಸಿ’ ಅನ್ನುವ ಬೇರು, ಕಷಾಯ ಹುಡುಕುತ್ತಾ ಕೂರಬೇಡಿ.

ಇವತ್ತಿನ ಎಚ್‌ಐವಿಯಲ್ಲಿ ಮಾತ್ರೆ ನುಂಗುವುದು ಸುಲಭದ ಕೆಲಸ. ದಿನಕ್ಕೆ ಒಂದು, ಅಷ್ಟೇ. ಜನ ಎಡವುವುದು ಬೇರೆ ಕಡೆ. ಯಾರಾದರೂ ನೋಡಿಬಿಟ್ಟರೆ ಅನ್ನುವ ಅಂಜಿಕೆಯಲ್ಲಿ ಆಸ್ಪತ್ರೆಗೆ ಹೋಗುವ ದಿನ ತಪ್ಪುತ್ತದೆ, ಮದುವೆ ಮನೆಯಲ್ಲಿ ಮಾತ್ರೆ ತಪ್ಪುತ್ತದೆ, ಆಮೇಲೆ ತಪ್ಪುವುದೇ ಅಭ್ಯಾಸವಾಗುತ್ತದೆ. ಹಾಗಾಗಿ ಔಷಧಿಯ ಜೊತೆಗೆ, ಆ ಔಷಧಿಯನ್ನು ನಾಲ್ಕು ಜನರ ನಡುವೆ ನೆಮ್ಮದಿಯಾಗಿ ತಗೊಳ್ಳುವ ದಾರಿಯನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಖಚಿತ ಮಾಡಿಕೊಳ್ಳಿ

ಖಾಸಗಿ ಲ್ಯಾಬ್‌ನಲ್ಲೋ ರಕ್ತದಾನದ ಶಿಬಿರದಲ್ಲೋ ಬಂದ ಒಂದು ರಿಪೋರ್ಟ್ ಮೇಲೆ ಏನನ್ನೂ ತೀರ್ಮಾನ ಮಾಡಬೇಡಿ. ಸರಕಾರಿ ಆಸ್ಪತ್ರೆಯ ಐಸಿಟಿಸಿಗೆ ಹೋಗಿ. ಕೌನ್ಸೆಲಿಂಗ್ ಮಾಡಿ ಎಚ್‌ಐವಿ ಪರೀಕ್ಷೆ ಮಾಡುವ ಕೊಠಡಿ ಅದು. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ, ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್ ಅನ್ನುತ್ತಾರೆ. ದುಡ್ಡಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ. ಪಿಎಚ್‌ಸಿಯಲ್ಲಿ ಬೆರಳು ಚುಚ್ಚಿ ನೋಡಿ ‘ಒಂದ್ಸಲ ದೊಡ್ಡಾಸ್ಪತ್ರೆಗೆ ಹೋಗಿ’ ಅಂದಿದ್ದರೆ ಇದಕ್ಕೇ ಅಂದಿರುತ್ತಾರೆ.

ನೆಗೆಟಿವ್ ಬಂದವರಿಗೂ ಒಂದು ಮಾತು. ಸೋಂಕು ತಗುಲಿದ ಮೊದಲ ಕೆಲವು ವಾರ ಕಿಟ್‌ಗೆ ಏನೂ ಕಾಣದೇ ಇರಬಹುದು. ಅನುಮಾನದ ಘಟನೆ ಇತ್ತೀಚಿನದಾದರೆ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ನಿರಾಳವಾಗಿ.

ಎಲ್ಲಿ ಹೆಸರು ಬರೆಸಬೇಕು

ಕೋಲಾರ ಜಿಲ್ಲೆಯವರಿಗೆ ಜಿಲ್ಲಾಸ್ಪತ್ರೆಯಾದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲೇ ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ, ಇದೆ. ಇಲ್ಲಿ ಬಹಳಷ್ಟು ಜನ ಒಂದು ಯೋಚನೆ ಮಾಡುತ್ತಾರೆ: ‘ಕೋಲಾರದಲ್ಲಿ ಎಲ್ಲರೂ ನಮ್ಮವರೇ, ಬೆಂಗಳೂರಿಗೇ ಹೋಗಿಬಿಡೋಣ.’ ಕಾನೂನಿನ ಅಡ್ಡಿ ಏನಿಲ್ಲ, ಯಾವ ಜಿಲ್ಲೆಯ ಕೇಂದ್ರಕ್ಕೆ ಬೇಕಾದರೂ ಹೋಗಬಹುದು. ಆದರೆ ಲೆಕ್ಕ ಹಾಕಿ. ಮೊದಲ ವರ್ಷದಲ್ಲಿ ಹೆಚ್ಚೂಕಡಿಮೆ ತಿಂಗಳಿಗೊಮ್ಮೆ ಹೋಗಬೇಕು. ಶ್ರೀನಿವಾಸಪುರದ ಹಳ್ಳಿಯಿಂದ ಬೆಂಗಳೂರಿಗೆ ಅಂದರೆ ಒಂದು ದಿನದ ಕೂಲಿ ಹೋಯಿತು, ಮನೆಯಲ್ಲಿ ಒಂದು ಸುಳ್ಳೂ ಬೇಕಾಯಿತು. ಟೊಮ್ಯಾಟೊ ಕೊಯ್ಲಿನಲ್ಲಿ, ಮಾವಿನ ಸುಗ್ಗಿಯಲ್ಲಿ ಆ ದಿನ ಹೊಂದಿಸುವುದು ಕಷ್ಟ. ನನ್ನನ್ನು ಕೇಳಿದರೆ ಹತ್ತಿರದ್ದೇ ವಾಸಿ. ಮರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಮಾತು ಬೇರೆ, ಅವರಿಗೆ ಅಲ್ಲಿನ ಕೇಂದ್ರವೇ ಅನುಕೂಲ.

ಕೋಲಾರದಲ್ಲಿ ಯಾರಾದರೂ ಸಿಕ್ಕಿದರೆ? ಜಿಲ್ಲಾಸ್ಪತ್ರೆಗೆ ಬಿಪಿಗೂ ಬರುತ್ತಾರೆ, ಹೆರಿಗೆಗೂ ಬರುತ್ತಾರೆ, ಹಲ್ಲಿಗೂ ಬರುತ್ತಾರೆ. ‘ಶುಗರ್ ಚೆಕ್ ಮಾಡಿಸೋಕೆ ಬಂದಿದ್ದೆ’ ಅನ್ನುವ ಮಾತನ್ನು ಮನೆ ಬಿಡುವಾಗಲೇ ರೆಡಿ ಇಟ್ಟುಕೊಳ್ಳಿ. ಎಆರ್‌ಟಿ ಕೊಠಡಿ ಎಲ್ಲಿ ಅಂತ ಗೇಟಿನಲ್ಲಿ ಹತ್ತು ಜನರ ಮುಂದೆ ಕೇಳುವ ಬದಲು ಐಸಿಟಿಸಿ ಕೌನ್ಸೆಲರ್ ಹತ್ತಿರ ದಾರಿ ತಿಳಿದುಕೊಳ್ಳಿ. ಹೆಂಗಸರಿಗೆ 2023ರ ಜೂನ್‌ನಿಂದ ಸರಕಾರಿ ಬಸ್ಸು ಉಚಿತ. ರೈಲಿನಲ್ಲಿ ಎಆರ್‌ಟಿ ಕೇಂದ್ರಕ್ಕೆ ಹೋಗಿಬರಲು ಎರಡನೇ ದರ್ಜೆಯಲ್ಲಿ ಅರ್ಧ ದರದ ರಿಯಾಯಿತಿಯೂ ಇದೆ. ಆದರೆ ಅದಕ್ಕೆ ಕಾಯಿಲೆಯ ಸರ್ಟಿಫಿಕೇಟನ್ನು ಟಿಕೆಟ್ ಕಿಟಕಿಯಲ್ಲಿ ಕೊಡಬೇಕು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಿಂದೆ ಇಪ್ಪತ್ತು ಜನ ನಿಂತಿರುವಾಗ ಯಾರು ಕೊಡುತ್ತಾರೆ, ಅಲ್ವಾ?

ಮೊದಲ ದಿನ ಆಧಾರ್ ಇಲ್ಲವೇ ಬೇರೆ ಗುರುತಿನ ಚೀಟಿ, ಐಸಿಟಿಸಿ ರಿಪೋರ್ಟ್, ಹಳೆಯ ಆಸ್ಪತ್ರೆ ಚೀಟಿಗಳು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆ ತಗೊಂಡು ಹೋಗಿ. ರಕ್ತ ತೆಗೆಯುತ್ತಾರೆ. ಸಿಡಿ4 ನೋಡುತ್ತಾರೆ, ಅಂದರೆ ದೇಹದ ಕಾವಲಿನ ಕಣಗಳು ಎಷ್ಟಿವೆ ಅಂತ. ಕಿಡ್ನಿ, ಲಿವರ್, ಸಕ್ಕರೆ, ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಕೂಡ ನೋಡುತ್ತಾರೆ. ಸಿಡಿ4 ಚೆನ್ನಾಗಿದ್ದರೆ ಮಾತ್ರೆ ಬೇಡ ಅನ್ನುವ ಕಾಲ ಮುಗಿಯಿತು. ಭಾರತದಲ್ಲಿ 2017ರಿಂದ, ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಅಂದ ಕೂಡಲೇ ಚಿಕಿತ್ಸೆ. ‘ನಂಗೆ ಏನೂ ಆಗಿಲ್ಲ, ಚೆನ್ನಾಗೇ ಇದೀನಿ’ ಅಂತ ಮುಂದೂಡಬೇಡಿ.

ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಈ ನಾಲ್ಕನ್ನು ಕೇಳಿಯೇ ಕೇಳುತ್ತಾರೆ. ಟಿಬಿ ಇದೆಯಾ ಅಂತ ನೋಡಲು ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೆಜಿಎಫ್ ಕಡೆ ಹಳೆಯ ಗಣಿ ಕೆಲಸಗಾರರ ಮನೆಗಳಲ್ಲಿ ಕೆಮ್ಮು ಅಂದರೆ ‘ಗಣಿ ಧೂಳು’ ಅಂತ ಸುಮ್ನಾಗುವ ರೂಢಿ ಇದೆ. ಧೂಳಿನಿಂದ ಕೆಟ್ಟ ಶ್ವಾಸಕೋಶಕ್ಕೆ ಟಿಬಿ ಬರುವುದು ಇನ್ನೂ ಜಾಸ್ತಿ. ಟಿಬಿ ಸಿಕ್ಕಿದರೆ ಮೊದಲು ಅದರ ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ ಎರಡು ವಾರದೊಳಗೆ ಎಚ್‌ಐವಿ ಮಾತ್ರೆ ಕೊಡುತ್ತಾರೆ. ಟಿಬಿ ಇಲ್ಲದಿದ್ದರೆ, ಮುಂದೆ ಬಾರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ. ಎಚ್‌ಐವಿ ಇರುವವರ ಪ್ರಾಣ ತೆಗೆಯುವುದರಲ್ಲಿ ಟಿಬಿಯದ್ದೇ ಮೊದಲ ಸ್ಥಾನ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಆ ಒಂದು ಮಾತ್ರೆ

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದೇ ಮಾತ್ರೆಯಲ್ಲಿ. ಹಳೆಯ ಮಾತ್ರೆಗಳಲ್ಲಿ ತಲೆ ತಿರುಗುವುದು, ಕೆಟ್ಟ ಕನಸು, ರಕ್ತ ಕಡಿಮೆಯಾಗುವುದು, ಕೆನ್ನೆ ಒಳಗೆ ಹೋಗುವುದು ಇತ್ತು. ಮುಖ ನೋಡಿಯೇ ಜನ ಗುರುತು ಹಿಡಿಯುತ್ತಿದ್ದರು. ಇದರಲ್ಲಿ ಅಂಥದ್ದು ಬಹಳ ಕಡಿಮೆ. ಮೊದಲ ವಾರಗಳಲ್ಲಿ ಸ್ವಲ್ಪ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕೆಲವರಿಗೆ ಆಗುತ್ತದೆ. ಕೆಲವರಿಗೆ ತೂಕ ಏರುತ್ತದೆ, ಸಕ್ಕರೆಯ ಮೇಲೂ ಕಣ್ಣಿಟ್ಟಿರಬೇಕು.

ಊಟಕ್ಕೆ ಮೊದಲೋ ಆಮೇಲೋ ಅನ್ನುವ ನಿಯಮ ಇಲ್ಲ. ಹೊತ್ತು ಮಾತ್ರ ಒಂದೇ ಇರಲಿ. ನಿದ್ದೆ ಕೆಡುತ್ತಿದ್ದರೆ ಬೆಳಗ್ಗೆಗೆ ಬದಲಾಯಿಸಿಕೊಳ್ಳಿ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರು ‘ಎದ್ದ ಕೂಡಲೇ’ ಅಂತ ಇಟ್ಟುಕೊಳ್ಳಬೇಡಿ, ಏಳುವ ಹೊತ್ತೇ ವಾರಕ್ಕೊಂದು ಥರ. ಯಾವ ಶಿಫ್ಟ್‌ನಲ್ಲೂ ಎಚ್ಚರ ಇರುವ ಹೊತ್ತೊಂದನ್ನು ಹುಡುಕಿ, ಸಂಜೆ ಎಂಟು ಗಂಟೆ ಅಂತಲೋ ಏನೋ, ಫೋನಿನಲ್ಲಿ ಅಲಾರಂ ಇಡಿ. ಅಲಾರಂಗೆ ‘ಮಾತ್ರೆ’ ಅಂತ ಹೆಸರು ಕೊಡಬೇಡಿ. ‘ಹಾಲಿನ ಡೇರಿ’ ಅಂತ ಕೊಟ್ಟರೆ ನಮ್ಮ ಜಿಲ್ಲೆಯಲ್ಲಿ ಯಾರೂ ಇನ್ನೊಂದು ಸಲ ನೋಡುವುದಿಲ್ಲ.

ಮಾತ್ರೆ ಬರುವುದು ಮುಚ್ಚಳದ ಡಬ್ಬಿಯಲ್ಲಿ. ಅಲ್ಲಾಡಿಸಿದರೆ ಗಲಗಲ ಸದ್ದು ಮಾಡುತ್ತದೆ. ಬಸ್ಸಿನಲ್ಲಿ ಆ ಸದ್ದಿಗೆ ಹೆದರಿಯೇ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಊರಿಗೆ ಹೋಗುವವರಿದ್ದಾರೆ. ಸ್ವಲ್ಪ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ಒಳಗಿರುವ ಸಣ್ಣ ಪೊಟ್ಟಣ ಬಿಸಾಡಬೇಡಿ, ತೇವ ಹೀರಲು ಅದನ್ನು ಇಟ್ಟಿರುತ್ತಾರೆ. ನಾಲ್ಕೈದು ದಿನದ ಪ್ರಯಾಣಕ್ಕೆ ಸಣ್ಣ ಡಬ್ಬಿಗೆ ಹಾಕಿಕೊಂಡರೆ ತೊಂದರೆ ಇಲ್ಲ. ಎರಡು ಮಾತ್ರೆ ಯಾವಾಗಲೂ ಪರ್ಸಿನಲ್ಲಿರಲಿ. ಸಾವಿನ ಮನೆಗೆ ಹೋದವರು ಅವತ್ತೇ ವಾಪಸು ಬರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ.

ಮರೆತರೆ, ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಚೆನ್ನಾಗಾದ ಮೇಲೆ ಯಾಕೆ ನಿಲ್ಲಿಸಬಾರದು ಅನ್ನುವುದು ಎಲ್ಲರ ಪ್ರಶ್ನೆ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಮೇಲೆ ಕಾಣದಿದ್ದರೂ ಬೇರು ಒಳಗೇ ಇರುತ್ತದೆ. ವೈರಸ್ಸೂ ಕೆಲವು ಕಣಗಳಲ್ಲಿ ಮಲಗಿರುತ್ತದೆ, ಮಾತ್ರೆಗೆ ಅಲ್ಲಿ ಕೈ ಎಟುಕುವುದಿಲ್ಲ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ಆ ಮಾತ್ರೆಗೇ ಬಗ್ಗದ ತಳಿ ಬೆಳೆಯಬಹುದು. ಹೆಪಟೈಟಿಸ್ ಬಿ ಕೂಡ ಇರುವವರಿಗೆ ಇನ್ನೊಂದು ಅಪಾಯ ಇದೆ. ಈ ಮಾತ್ರೆಯಲ್ಲಿರುವ ಎರಡು ಔಷಧಿ ಅದನ್ನೂ ಹತೋಟಿಯಲ್ಲಿ ಇಟ್ಟಿರುತ್ತವೆ. ಥಟ್ಟನೆ ನಿಲ್ಲಿಸಿದರೆ ಲಿವರ್ ಕೆರಳುತ್ತದೆ.

ಬೇರೆ ಔಷಧಿಗಳ ಜೊತೆ ಜಾಗ್ರತೆ

ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಸಣ್ಣ ಪುಟ್ಟ ಔಷಧಿಗಳಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ಇದನ್ನು ನಿಧಾನವಾಗಿ ಓದಿ.

ಹೊಟ್ಟೆ ಉರಿಗೆ ಕುಡಿಯುವ ಜೆಲುಸಿಲ್, ಡೈಜೀನ್ ಥರದ ಆಂಟಾಸಿಡ್‌ಗಳು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ತಗೊಂಡು ಎರಡು ಗಂಟೆ ಆದ ಮೇಲೆ ಅದನ್ನು ಕುಡಿಯಿರಿ. ಮೊದಲೇ ಕುಡಿದಿದ್ದರೆ ಆರು ಗಂಟೆ ಬಿಟ್ಟು ಎಚ್‌ಐವಿ ಮಾತ್ರೆ ನುಂಗಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗ್ಯಾಸ್ ಮಾತ್ರೆಗಳಿಗೆ ಈ ತಕರಾರಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ. ಆದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದ ಜೊತೆ ತಗೊಂಡರೆ ಎಚ್‌ಐವಿ ಮಾತ್ರೆಯ ಒಟ್ಟಿಗೇ ನಡೆಯುತ್ತದೆ. ಬಸುರಿಯರು ಇದನ್ನು ನೆನಪಿಡಬೇಕು, ಅಂಗನವಾಡಿಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟೇ ಕೊಡುತ್ತಾರೆ.

ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ಡೊಲುಟೆಗ್ರಾವಿರ್ ಜೊತೆ ಸೇರಿದಾಗ ಮೆಟ್‌ಫಾರ್ಮಿನ್ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಟಿಬಿಯ ರಿಫಾಂಪಿಸಿನ್ ತಗೊಳ್ಳುವಾಗ 12 ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ ಮಾತ್ರೆ ಸೇರಿಸಿ ಕೊಡುತ್ತಾರೆ, ಅದನ್ನು ‘ಎಕ್ಸ್‌ಟ್ರಾ’ ಅಂತ ಬಿಡಬೇಡಿ. ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಇನ್ನು ಮೈಕೈ ನೋವಿನ ಮಾತ್ರೆ. ದಿನವೆಲ್ಲ ಬಗ್ಗಿ ಕೆಲಸ ಮಾಡಿ ರಾತ್ರಿ ಡೈಕ್ಲೋಫೆನಾಕ್ ನುಂಗಿ ಮಲಗುವುದು ನಮ್ಮ ಕಡೆ ಮಾಮೂಲು. ಟೆನೊಫೊವಿರ್ ಕಿಡ್ನಿಯ ಮೂಲಕ ಹೋಗುವ ಔಷಧಿ. ಎರಡೂ ಸೇರಿ ದಿನಾ ಬಿದ್ದರೆ ಕಿಡ್ನಿಗೆ ಏಟು. ಪ್ಯಾರಾಸಿಟಮಾಲ್ ಸಾಕು. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಪರೀಕ್ಷೆಗೆ ಕರೆದಾಗ ತಪ್ಪಿಸಬೇಡಿ. ನಾಟಿ ಔಷಧಿಯಲ್ಲಿ ಏನು ಬೆರೆಸಿರುತ್ತಾರೆ ಅಂತ ಕೊಡುವವರೇ ಹೇಳದಿದ್ದಾಗ ಅದು ಇದರ ಜೊತೆ ಹೇಗೆ ವರ್ತಿಸುತ್ತದೆ ಅಂತ ಯಾರು ಹೇಳಬೇಕು?

ವೈರಲ್ ಲೋಡ್

ಸಿಡಿ4ಗಿಂತ ಈಗ ಮುಖ್ಯವಾದ ಪರೀಕ್ಷೆ ಇದು. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕ. ಮಾತ್ರೆ ಶುರುವಾದ ಆರನೇ ತಿಂಗಳಿಗೆ ಒಮ್ಮೆ, ಹನ್ನೆರಡನೇ ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪುಕ್ಕಟೆ. ಹೊರಗೆ ಮಾಡಿಸಿದರೆ ಸಾವಿರಾರು ರೂಪಾಯಿ. ಅವರು ಮರೆತರೂ ನೀವು ಕೇಳಿ ಮಾಡಿಸಿಕೊಳ್ಳಿ.

ರಿಪೋರ್ಟಿನಲ್ಲಿ 50ಕ್ಕಿಂತ ಕಡಿಮೆ ಅಥವಾ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಇದ್ದರೆ ಮಾತ್ರೆ ಕೆಲಸ ಮಾಡುತ್ತಿದೆ. 1000 ದಾಟಿದ್ದರೆ ಗಾಬರಿಯಾಗಿ ಕೇಂದ್ರಕ್ಕೆ ಹೋಗುವುದನ್ನೇ ಬಿಡಬೇಡಿ. ಮೂರು ತಿಂಗಳು ಕೌನ್ಸೆಲಿಂಗ್ ಕೊಟ್ಟು, ಎಲ್ಲಿ ತಪ್ಪುತ್ತಿದೆ ಅಂತ ನೋಡಿ, ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗ ನಿಜ ಹೇಳಿ. ಮಾತ್ರೆ ತಪ್ಪಿದ್ದನ್ನು ಮುಚ್ಚಿಟ್ಟರೆ ಸುಮ್ನೆ ಬೇರೆ ಔಷಧಿಗೆ ಬದಲಾಯಿಸಬೇಕಾಗುತ್ತದೆ.

ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಎಚ್‌ಐವಿ ದಾಟುವುದಿಲ್ಲ. ಇದು ಧೈರ್ಯಕ್ಕೆ ಹೇಳುವ ಮಾತಲ್ಲ. ಯುರೋಪಿನಲ್ಲಿ ನಡೆದ ಪಾರ್ಟ್‌ನರ್ ಅನ್ನುವ ಅಧ್ಯಯನದ ಮೊದಲ ಹಂತದಲ್ಲಿ ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್ ಇದ್ದ 888 ಜೋಡಿಗಳನ್ನು ನೋಡಿದರು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರೂ ಸಂಗಾತಿಯಿಂದ ಬಂದ ಸೋಂಕು ಒಂದೂ ಇರಲಿಲ್ಲ. ಅದು 2016ರ ವರದಿ. 2019ರಲ್ಲಿ ಗಂಡಸು-ಗಂಡಸು ಜೋಡಿಗಳಲ್ಲೂ ಹಾಗೇ ಸೊನ್ನೆ ಬಂತು. ಆದರೆ ಮೊದಲ ಆರು ತಿಂಗಳು, ವೈರಲ್ ಲೋಡ್ ಇಳಿದಿದೆ ಅಂತ ಕಾಗದದಲ್ಲಿ ಕಾಣುವವರೆಗೆ, ಕಾಂಡೋಮ್ ಬೇಕೇ ಬೇಕು. ಸಿಫಿಲಿಸ್‌ನಂಥ ಬೇರೆ ಗುಪ್ತರೋಗಗಳಿಗೆ ಈ ಮಾತ್ರೆ ತಡೆ ಅಲ್ಲ. ಅವುಗಳ ಪರೀಕ್ಷೆ, ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ.

ಹೆಂಗಸರು ಗರ್ಭಕೊರಳಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಆರು ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ.

ಮನೆಯಲ್ಲಿ ಯಾರಿಗೆ ಹೇಳುವುದು

ಎಲ್ಲರಿಗೂ ಬೇಡ. ಆದರೆ ಒಬ್ಬರಿಗಾದರೂ ಹೇಳಿ. ಗಂಡ ಅಥವಾ ಹೆಂಡತಿಗೆ ಹೇಳಲೇಬೇಕು, ಅವರ ಪರೀಕ್ಷೆ ಆಗಬೇಕಲ್ಲ. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಕೌನ್ಸೆಲರ್ ಮುಂದೆ ಇಬ್ಬರೂ ಕೂತು ಮಾತಾಡಿ. ಹೊಡೆಯುವ ಭಯ ಇದ್ದರೆ ಅದನ್ನು ಕೌನ್ಸೆಲರ್‌ಗೆ ಮೊದಲು ಹೇಳಿ. ಅತ್ತೆ, ನಾದಿನಿ, ಪಕ್ಕದ ಮನೆಯ ಅಕ್ಕ ಇವರಿಗೆಲ್ಲ ಹೇಳುವುದರಿಂದ ಬರುವ ಲಾಭ ಏನು ಅಂತ ನನಗಂತೂ ಗೊತ್ತಾಗಿಲ್ಲ. ಒಂದೇ ತಟ್ಟೆ, ಒಂದೇ ಬಚ್ಚಲು, ಮಗುವನ್ನು ಮುದ್ದಿಸುವುದು, ಇವುಗಳಿಂದ ಹರಡುವುದಿಲ್ಲ. ಬ್ಲೇಡು, ಸೂಜಿ ಮಾತ್ರ ಬೇರೆ ಇರಲಿ.

ಮಕ್ಕಳು ಬೇಕು ಅನ್ನುವವರು ವೈರಲ್ ಲೋಡ್ ಇಳಿಸಿಕೊಂಡು, ಡಾಕ್ಟರಿಗೆ ಹೇಳಿ ಮುಂದುವರಿಯಬಹುದು. ಚಿಕಿತ್ಸೆ ಇಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ದಾಟಬಹುದು. ತಾಯಿ ಸರಿಯಾಗಿ ಮಾತ್ರೆ ತಗೊಂಡರೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಮಗುವಿಗೆ ಹುಟ್ಟಿದ ಕೂಡಲೇ ಸಿರಪ್ ಶುರು, ಕನಿಷ್ಠ ಆರು ವಾರ. ಮೊದಲ ಆರು ತಿಂಗಳು ಎದೆಹಾಲು ಒಂದನ್ನೇ ಕೊಡಿ. ಎದೆಹಾಲಿನ ಜೊತೆ ಹಸುವಿನ ಹಾಲು, ಬಜೆ, ಜೇನು ಅಂತ ಬೆರೆಸುವುದು ಬೇಡ. ಅಜ್ಜಿಯರ ಜೊತೆ ಇಲ್ಲಿ ಸ್ವಲ್ಪ ಜಗಳ ಆಗಬಹುದು, ಆಗಲಿ. ಆರನೇ ವಾರಕ್ಕೆ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆಮೇಲೆ ಆರು, ಹನ್ನೆರಡು, ಹದಿನೆಂಟನೇ ತಿಂಗಳಿಗೂ ಪರೀಕ್ಷೆ ಇರುತ್ತದೆ. ಹದಿನೆಂಟನೆಯದನ್ನೂ ಮುಗಿಸಿ, ನಡುವೆ ಬಿಡಬೇಡಿ.

ಇನ್ನೊಬ್ಬರಿಗೆ ಬಾರದ ಹಾಗೆ

ಕಾಂಡೋಮ್ ಹರಿಯಿತು, ಅತ್ಯಾಚಾರ ಆಯಿತು, ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿತು ಅಂದರೆ ಅದಕ್ಕೆ ಪೆಪ್ ಅನ್ನುವ ಚಿಕಿತ್ಸೆ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. 28 ದಿನ ತಗೊಳ್ಳಬೇಕು. ರಾತ್ರಿ ಅಂತ ಕಾಯಬೇಡಿ, ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಮುಂಚೆಯೇ ತಗೊಳ್ಳುವುದು ಪ್ರೆಪ್. ಸಂಗಾತಿಯ ವೈರಲ್ ಲೋಡ್ ಇನ್ನೂ ಇಳಿಯದಿರುವವರಿಗೆ, ಅಪಾಯ ಜಾಸ್ತಿ ಇರುವವರಿಗೆ ಟೆನೊಫೊವಿರ್-ಎಮ್‌ಟ್ರಿಸಿಟಾಬಿನ್ ಮಾತ್ರೆ. ಶುರು ಮಾಡುವ ಮೊದಲು ಎಚ್‌ಐವಿ ನೆಗೆಟಿವ್ ಇರಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬೇಡಿ.

ಇತ್ತೀಚಿನ ದೊಡ್ಡ ಸುದ್ದಿ ಲೆನಕಾಪವಿರ್. ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್. ದಕ್ಷಿಣ ಆಫ್ರಿಕಾ, ಉಗಾಂಡಾದಲ್ಲಿ ಇದನ್ನು ಹಾಕಿಸಿಕೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಅಮೆರಿಕ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕೊಡುವ ಒಪ್ಪಂದ ಆಗಿದೆ. ಇದು ಬಾರದಂತೆ ತಡೆಯಲು, ಬಂದವರಿಗೆ ಮಾತ್ರೆ ಬದಲು ಅಲ್ಲ. ಪಾಸಿಟಿವ್ ಆದವರಿಗೆ ಎರಡು ತಿಂಗಳಿಗೊಮ್ಮೆ ಕೊಡುವ ಬೇರೆ ಇಂಜೆಕ್ಷನ್ ಜೋಡಿ ಹೊರದೇಶಗಳಲ್ಲಿ ಬಂದಿದೆ. ಅಡಗಿಸಿಡಲು ಡಬ್ಬಿಯೇ ಇಲ್ಲದ ಚಿಕಿತ್ಸೆ ಅದು. ನಮ್ಮೂರಿನ ಜನಕ್ಕೆ ಅದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಸದ್ಯಕ್ಕೆ ನಮ್ಮ ಕೇಂದ್ರದಲ್ಲಿ ಸಿಗುವುದು ಮಾತ್ರೆ.

ಕಾನೂನು ನಿಮ್ಮ ಕಡೆ ಇದೆ

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವ ಹಾಗಿಲ್ಲ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಬಾಡಿಗೆ ಮನೆ, ಶಾಲೆ, ಆಪರೇಷನ್ ನಿರಾಕರಿಸುವ ಹಾಗಿಲ್ಲ. ಗಂಡ ತೀರಿಹೋದ ಮೇಲೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವುದು ನಡೆಯುತ್ತದಲ್ಲ, ಅದೂ ತಪ್ಪು; ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಈ ಕಾಯ್ದೆಯಲ್ಲೇ ಇದೆ. ದೂರು ಕೇಳಲು ರಾಜ್ಯದಲ್ಲಿ ಒಬ್ಬ ಒಂಬುಡ್ಸ್‌ಮನ್ ಇರಬೇಕು ಅಂತಲೂ ಅದೇ ಹೇಳುತ್ತದೆ. ಎಲ್ಲಿ, ಹೇಗೆ ಬರೆದುಕೊಡುವುದು ಅಂತ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ಬಿಟ್ಟವರಿಗೆ

ಆರು ತಿಂಗಳೋ ಎರಡು ವರ್ಷವೋ ಬಿಟ್ಟಿರಬಹುದು. ‘ಈಗ ಹೋದರೆ ಬೈತಾರೆ’ ಅನ್ನುವ ಸಂಕೋಚದಲ್ಲಿ ಇನ್ನಷ್ಟು ದಿನ ಕಳೆಯುತ್ತವೆ. ಬೈದರೂ ಹೋಗಿ. ಮನೆಯಲ್ಲಿ ಉಳಿದ ಹಳೆಯ ಡಬ್ಬಿಯಿಂದ ನೀವೇ ಶುರು ಮಾಡಬೇಡಿ. ಈ ನಡುವೆ ಟಿಬಿ ಸೇರಿಕೊಂಡಿರಬಹುದು, ಸಿಡಿ4 ಇಳಿದಿರಬಹುದು, ಅದನ್ನು ನೋಡದೆ ಮಾತ್ರೆ ಹಾಕಿದರೆ ಒಳಗಿದ್ದ ಸೋಂಕು ಒಮ್ಮೆಲೇ ಕೆರಳುವುದುಂಟು. ಹಳೆಯ ಎಆರ್‌ಟಿ ಪುಸ್ತಕ ಸಿಕ್ಕಿದರೆ ತಗೊಂಡು ಹೋಗಿ, ಕಳೆದಿದ್ದರೂ ನಿಮ್ಮ ಹೆಸರು ಅಲ್ಲಿ ಇರುತ್ತದೆ. ಬೇರೆ ಊರಿಗೆ ಬಂದು ನೆಲೆಸಿದ್ದರೆ ಹಳೆಯ ಕೇಂದ್ರದಿಂದ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಬಹುದು. ಮಾತ್ರೆ ಸರಿಯಾಗಿ ನಡೆದು ವೈರಲ್ ಲೋಡ್ ಇಳಿದ ಮೇಲೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ಕೂಲಿ ತಪ್ಪುವುದೇ ಬಿಡಲು ಕಾರಣವಾಗಿದ್ದರೆ ಅದನ್ನೇ ಕೌನ್ಸೆಲರ್‌ಗೆ ಬಾಯಿಬಿಟ್ಟು ಹೇಳಿ, ಮೂರು ತಿಂಗಳದ್ದು ಯಾವಾಗಿನಿಂದ ಸಿಗುತ್ತದೆ ಅಂತ ಕೇಳಿಕೊಂಡು ಬನ್ನಿ.